ಹುಲಿಗೆಂದು ಕೊಂಡ ಚಾಕು

ಟೆಂಟ್ ಕೊಳ್ಳುವಾಗ ಜನ ಬೆಲೆ ನೋಡುತ್ತಾರೆ. ಮಲಗುವ ಚೀಲ ಕೊಳ್ಳುವಾಗ ತೂಕ ನೋಡುತ್ತಾರೆ. ಚಾಕು ಕೊಳ್ಳುವಾಗ ಮಾತ್ರ ಕನ್ನಡಿ ನೋಡಿಕೊಳ್ಳುತ್ತಾರೆ. ವರ್ಷವಿಡೀ ಎಕ್ಸೆಲ್ ಹಾಳೆಯಲ್ಲಿ ಮುಖ ಹುದುಗಿಸಿಕೊಂಡಿರುವ ಮನುಷ್ಯ, ಎರಡು ರಾತ್ರಿ ಟೆಂಟಿನಲ್ಲಿ ಮಲಗಬೇಕು ಅಂದ ತಕ್ಷಣ ಹುಲಿಯನ್ನು ಒಂಟಿಯಾಗಿ ಎದುರಿಸುವ ತಯಾರಿ ಶುರು ಮಾಡುತ್ತಾನೆ. ಹುಲಿ ನಿಜವಾಗಿ ಬಂದರೆ ಒರೆಯ ಗುಂಡಿ ಬಿಚ್ಚೋಕೆ ಅದು ಸಮಯ ಕೊಡುತ್ತಾ ಅನ್ನೋದು ಬೇರೆ ಮಾತು.

ನಮ್ಮ ಭಾವ ಇಂಥವರಲ್ಲಿ ಅಗ್ರಗಣ್ಯರು. ಕಾಡಿನಲ್ಲಿ ಬದುಕುಳಿಯುವುದು ಹೇಗೆ ಅನ್ನುವ ವಿಡಿಯೊಗಳನ್ನು ರಾತ್ರಿ ಊಟದ ಜೊತೆ ನೋಡುತ್ತಾರೆ. ಹರಿತ ಪರೀಕ್ಷಿಸಲು ಕೈಮೇಲಿನ ಕೂದಲು ಬೋಳಿಸಿ ನೋಡಬೇಕು ಅಂತ ಅದರಲ್ಲಿ ಯಾರೋ ಹೇಳಿದ್ದರು. ಆವತ್ತಿನಿಂದ ಭಾವನ ಎಡಗೈ ನುಣ್ಣಗಿದೆ, ಬಲಗೈ ಮಾತ್ರ ಹಳೇ ಭಾವನದ್ದು.

ದಸರಾ ರಜೆಗೆ ಸಾಗರದ ಕಡೆ, ಶರಾವತಿ ಹಿನ್ನೀರಿನ ಪಕ್ಕ ಅಡಿಕೆ ಬೆಳೆಗಾರರೊಬ್ಬರ ಜಾಗದಲ್ಲಿ ಟೆಂಟ್ ಹಾಕೋಣ ಅಂತ ಮಾತಾಯಿತು. ಭಾವ ಆನ್‌ಲೈನಿನಲ್ಲಿ ಚಾಕು ತರಿಸಿದರು. ಅಲಗೇ 10 ಇಂಚು. ಬೆನ್ನಿನ ಮೇಲೆ ಗರಗಸದ ಹಲ್ಲು. ಹಿಡಿ ಟೊಳ್ಳು, ಅದರೊಳಗೆ ಬೆಂಕಿಕಡ್ಡಿ, ಗಾಳ, ನೂಲು. ಹಿಡಿಯ ಮುಚ್ಚಳದಲ್ಲಿ ಪುಟ್ಟ ದಿಕ್ಸೂಚಿ. ಆ ದಿಕ್ಸೂಚಿ ಹಿಡಿದು ಭಾವ ಮನೆಯೆಲ್ಲ ತಿರುಗಿದರು. ಅವರು ಹೋದ ಕಡೆಯೆಲ್ಲ ಉತ್ತರವೂ ಅವರ ಜೊತೆಗೇ ಹೋಗುತ್ತಿತ್ತು. ಅಂಗೈ ಅಗಲದ ದೂರದಲ್ಲಿ ಅಷ್ಟೊಂದು ಉಕ್ಕು ಇದ್ದರೆ ಸೂಜಿಗೆ ಹಿಮಾಲಯ ಯಾಕೆ ನೆನಪಾಗುತ್ತೆ?

9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು ನಮ್ಮ ದೇಶದ ನಿಯಮಗಳಲ್ಲಿ ಶಸ್ತ್ರಾಸ್ತ್ರದ ಪಟ್ಟಿಗೆ ಸೇರುತ್ತದೆ, ಮನೆಗೆಲಸ, ಬೇಸಾಯದಂಥ ಕೆಲಸಕ್ಕೆಂದೇ ಮಾಡಿದ್ದಕ್ಕೆ ಮಾತ್ರ ವಿನಾಯಿತಿ ಅಂತ ನಾನು ಹೇಳಿದೆ. "ಇದು ಮನೆಗೆಲಸದ್ದೇ" ಅಂದರು ಭಾವ. ಅಡುಗೆಮನೆಯಿಂದ ಅಕ್ಕನ ಧ್ವನಿ ಬಂತು: "ಮನೆಗೆಲಸ ಯಾರು ಮಾಡ್ತಾರಂತೆ?"

ನನ್ನದು ಫ್ರಾನ್ಸಿನ ಒಪಿನೆಲ್. ಮರದ ಹಿಡಿ, ಮಡಚುವ ಅಲಗು, ಜೇಬಿಗೆ ಹಗುರ. ಆಲ್ಪ್ಸ್ ಬೆಟ್ಟಗಳ ಸವೊಯಿ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಈ ಚಾಕು ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇದೆ. ಅಲಗು ತಾನಾಗಿ ಮಡಚಿಕೊಂಡು ಬೆರಳು ಕಚ್ಚದಂತೆ ತಡೆಯುವ ಉಂಗುರ ಬಂದದ್ದು 1955ರಲ್ಲಿ. ಅಷ್ಟು ವರ್ಷ ಅಲ್ಲಿನ ರೈತರು ಉಂಗುರವಿಲ್ಲದೆ ಬ್ರೆಡ್ಡು, ಚೀಸು ಕೊಯ್ದುಕೊಂಡು ಆರಾಮಾಗಿದ್ದರು. ಮೂರನೆಯ ಗೆಳೆಯ, ಬ್ಯಾಂಕಿನವನು, ಕೆಂಪು ಬಣ್ಣದ ಸ್ವಿಸ್ ಚಾಕು ತಂದಿದ್ದ. ಅದರಲ್ಲಿ ಎಷ್ಟು ಉಪಕರಣ ಇದೆ ಅನ್ನೋದು ಅವನಿಗೂ ಪೂರ್ತಿ ಗೊತ್ತಿಲ್ಲ. ಪ್ರತಿ ಪ್ರವಾಸದಲ್ಲೂ ಹೊಸದೊಂದು ಹೊರಬರುತ್ತದೆ.

ಹೊರಡುವ ದಿನ ಆಯುಧಪೂಜೆ. ಅಮ್ಮ ಮಿಕ್ಸಿ, ಕುಕ್ಕರು, ಈಳಿಗೆಮಣೆ, ಸ್ಕೂಟರಿನ ಜೊತೆಗೆ ನನ್ನ ಒಪಿನೆಲ್ಲನ್ನೂ ಸಾಲಿಗೆ ಕೂರಿಸಿದರು. ಬಿಡಿಸಿಟ್ಟ ಅಲಗಿಗೆ ಗಂಧ, ಕುಂಕುಮ, ಒದ್ದೆ ಸೇವಂತಿಗೆ. ಅಕ್ಕ ಭಾವನ ಚಾಕುವಿಗೂ ಅದನ್ನೇ ಮಾಡಿದ್ದಳು. ಸ್ವಿಸ್ ಚಾಕುವಿನ ಪ್ರತಿಯೊಂದು ರೆಕ್ಕೆಯನ್ನೂ ಬಿಚ್ಚಿ ಕುಂಕುಮ ಇಡಲು ಬ್ಯಾಂಕಿನವನ ಅಮ್ಮನಿಗೆ ಅರ್ಧ ಗಂಟೆ ಹಿಡಿಯಿತಂತೆ. ಪೂಜೆಗಿಟ್ಟ ಆಯುಧವನ್ನು ಅವತ್ತು ಬಳಸುವ ಹಾಗಿಲ್ಲ, ವಿಜಯದಶಮಿ ದಿನ ಪೂಜೆ ಮಾಡಿಯೇ ಕೈಗೆತ್ತಿಕೊಳ್ಳಬೇಕು. ಹೀಗಾಗಿ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಹೊರಟ ನಮ್ಮ ಕಾರಿನಲ್ಲಿ ಇಡೀ ತಂಡಕ್ಕೆ ಸಾಕಾಗುವಷ್ಟು ಆಯುಧವಿತ್ತು, ಒಂದನ್ನೂ ಮುಟ್ಟುವಂತಿರಲಿಲ್ಲ. ಮೊದಲ ರಾತ್ರಿ ಮೊಸರವಲಕ್ಕಿ ತಿಂದು ಮಲಗಿದೆವು. ಹುಲಿಗೆ ಈ ವಿಷಯ ತಿಳಿಯದಿದ್ದದ್ದು ಪುಣ್ಯ.

ಬೆಳಗ್ಗೆ ಕುಂಕುಮ ಒರೆಸಿದೆ. ಕುಂಕುಮ ಹೋಯಿತು, ಕೆಂಪು ಹೋಗಲಿಲ್ಲ. ನನ್ನದು ಕಾರ್ಬನ್ ಸ್ಟೀಲ್ ಅಲಗು. ಬೇಗ ಹರಿತವಾಗುತ್ತೆ, ಮಸೆಯೋದು ಸುಲಭ, ಆದರೆ ಒಂದು ರಾತ್ರಿ ಒದ್ದೆ ಹೂವಿನ ಕೆಳಗೆ ಮಲಗಿಸಿದರೆ ತುಕ್ಕು ಗ್ಯಾರಂಟಿ. ಸ್ಟೇನ್‌ಲೆಸ್ ತಗೊಂಡಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. ನಿಂಬೆಹಣ್ಣು, ಮಾವಿನಕಾಯಿ ಕೊಯ್ದರಂತೂ ಕಾರ್ಬನ್ ಸ್ಟೀಲ್ ಕಪ್ಪಗಾಗುತ್ತದೆ. ಚಿತ್ರಾನ್ನ ತಿನ್ನುವ ನಾಡಿನಲ್ಲಿ ಚಾಕು ಬೆಳ್ಳಗಿರಬೇಕು ಅಂತ ಆಸೆಪಡುವವರು ಸ್ಟೇನ್‌ಲೆಸ್ಸೇ ಕೊಳ್ಳಲಿ. ನನಗೆ ಕಪ್ಪಾದರೆ ಬೇಜಾರಿಲ್ಲ.

ಬೇಜಾರಾದದ್ದು ಮಳೆಯಿಂದ. ಹೊರಗೆ ಜಗಲಿಯ ಮೇಲಿಟ್ಟ ಚಾಕು ಒಂದು ಜಡಿಮಳೆ ಕುಡಿದು ಊದಿಕೊಂಡಿತು. ಬೀಚ್ ಅನ್ನೋ ಯುರೋಪಿನ ಮರದ ಹಿಡಿ ನೀರು ಹೀರಿದರೆ ಸೀಳು ಬಿಗಿಯಾಗಿ ಅಲಗು ಈಚೆಗೇ ಬರುವುದಿಲ್ಲ. ಸವೊಯಿಯವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಹಿಡಿಯ ಹಿಂದಿನ ತುದಿಯನ್ನು ಮೇಜಿಗೆ ಟಕ್ ಅಂತ ಕುಟ್ಟಿದರೆ ಅಲಗು ಸ್ವಲ್ಪ ಎದ್ದು ಉಗುರಿಗೆ ಸಿಗುತ್ತದೆ. ನಾನೂ ಕುಟ್ಟಿದೆ. ಅಲ್ಲಿಯ ಮಳೆಗೆ ಅದು ಸಾಕಿರಬಹುದು. ಇಲ್ಲಿ ಜಗಲಿಯ ಕಂಬಕ್ಕೆ ನಾನು ಕುಟ್ಟುವ ಸದ್ದು ಕೇಳಿ ಮನೆಯೊಡತಿ ಯಾರು ಬಂದರು ಅಂತ ಎರಡು ಸಲ ಬಾಗಿಲು ತೆಗೆದರು.

ಅಂತೂ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುವ ಭಾಗ್ಯ ಭಾವನ ಚಾಕುವಿಗೆ ಬಂತು. ಅಲಗಿನ ಬೆನ್ನು ಅರ್ಧ ಸೆಂಟಿಮೀಟರ್ ದಪ್ಪ. ಅಷ್ಟು ದಪ್ಪದ ಅಲಗು ತರಕಾರಿ ಹೆಚ್ಚುವುದಿಲ್ಲ, ಬೆಣೆ ಹೊಡೆದ ಹಾಗೆ ಸೀಳುತ್ತದೆ. ಮೊದಲ ಈರುಳ್ಳಿ ಎರಡು ಹೋಳಾಗಿ, ಒಂದು ಹೋಳು ಹಿನ್ನೀರಿನ ಕಡೆ ಹೊರಟುಹೋಯಿತು. ಟೊಮೆಟೊ ಭಾವನ ಅಂಗಿಯ ಮೇಲೆ ಕೂತಿತು. ಮೆಣಸಿನಕಾಯಿ ಕೊಯ್ಯಲು ಅವರು ಚಾಕುವನ್ನು ಎರಡೂ ಕೈಯಲ್ಲಿ ಹಿಡಿದರು. ಆಗ ಮೆಣಸಿನಕಾಯಿ ಹಿಡಿದುಕೊಳ್ಳಲು ಇನ್ನೊಬ್ಬ ಬೇಕಾದ. ಯಾರೂ ಮುಂದೆ ಬರಲಿಲ್ಲ.

ಕ್ಯಾಂಪಿಂಗಿಗೆ ಚಾಕು ಆರಿಸುವಾಗ ಎದುರಿಗೆ ಯಾವ ಪ್ರಾಣಿ ಬರಬಹುದು ಅಂತ ಯೋಚಿಸುವುದು ಸುಮ್ನೆ ದಂಡ. ರಾತ್ರಿ ಏನು ತಿನ್ನುತ್ತೀರಿ ಅಂತ ಯೋಚಿಸಿ. ನಾಲ್ಕು ಇಂಚಿನ ತೆಳು ಅಲಗು, ಒದ್ದೆ ಕೈಯಲ್ಲೂ ಜಾರದ ಹಿಡಿ, ಗಟ್ಟಿ ಒರೆ, ಇಷ್ಟಿದ್ದರೆ ಧಾರಾಳ. ಹೆಸರಾಂತ ಚಾಕುಗಳ ಚರಿತ್ರೆಯೂ ಇದನ್ನೇ ಹೇಳುತ್ತೆ. 1891ರಲ್ಲಿ ಸ್ವಿಟ್ಜರ್‌ಲೆಂಡಿನ ಕಾರ್ಲ್ ಎಲ್ಸನರ್ ತಮ್ಮ ದೇಶದ ಸೈನಿಕರಿಗೆ ಒದಗಿಸಿದ ಚಾಕು ಶತ್ರುವನ್ನು ಇರಿಯಲು ಅಲ್ಲ. ಡಬ್ಬಿ ಊಟ ತೆರೆಯಲು, ರೈಫಲ್ಲಿನ ಸ್ಕ್ರೂ ಬಿಚ್ಚಲು. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹಳೇ ಫಿಯೆಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ ಕಾರೂ ಕೆಡುತ್ತಿತ್ತು, ಹೋಟೆಲಿನ ನಲ್ಲಿಗಳೂ ಕೆಡುತ್ತಿದ್ದವು. ಜೇಬಿನಲ್ಲಿದ್ದ ಚಾಕುವಿಗೆ ಇಕ್ಕಳವೂ ಇದ್ದಿದ್ದರೆ ಅಂತ ಅನಿಸಿ ಹುಟ್ಟಿದ ಉಪಕರಣ 1983ರಲ್ಲಿ ಮಾರುಕಟ್ಟೆಗೆ ಬಂತು. ನೋಡಿ, ಇವರಲ್ಲಿ ಯಾರಿಗೂ ಹುಲಿ ನೆನಪಾಗಿಲ್ಲ. ನಲ್ಲಿ ನೆನಪಾಗಿದೆ.

ಬ್ಯಾಂಕಿನವನ ಸ್ವಿಸ್ ಚಾಕುವಿನಲ್ಲಿ ವೈನ್ ಬಾಟಲಿಯ ಬಿರಡೆ ತೆಗೆಯುವ ತಿರುಪು ಇತ್ತು. ನಮ್ಮ ಬಳಿ ಇದ್ದದ್ದು ಪುಳಿಯೋಗರೆ ಗೊಜ್ಜಿನ ಬಾಟಲಿ. ಆದರೂ ಆ ತಿರುಪೇ ನಮ್ಮನ್ನು ಕಾಪಾಡಿತು. ಮಳೆಯಲ್ಲಿ ನೆನೆದು ಕಗ್ಗಂಟಾದ ಟೆಂಟಿನ ನೈಲಾನ್ ಹಗ್ಗಕ್ಕೆ ಅದನ್ನು ತೂರಿಸಿ ಎಳೆದರೆ ಎಂಥ ಗಂಟೂ ಸಡಿಲವಾಗುತ್ತೆ. ಬ್ಯಾಂಕಿನವನು ಹತ್ತು ವರ್ಷದ ಗೃಹಸಾಲ ತೀರಿದವನಂತೆ ಬೀಗಿದ.

ಇನ್ನು ವನ್ಯಜೀವಿಗಳ ವಿಷಯ. ನಮ್ಮ ಮೇಲೆ ನಿಜವಾಗಿ ದಾಳಿ ಮಾಡಿದ್ದು ಇಂಬಳ. ಸದ್ದಿಲ್ಲದೆ ಬಂದು, ಕಾಲುಚೀಲದೊಳಗೆ ಇಳಿದು, ಭಾವನ ರಕ್ತ ಕುಡಿದು ದಪ್ಪಗಾಗಿ ಉದುರಿತು. 10 ಇಂಚಿನ ಉಕ್ಕು ಅವರ ಸೊಂಟದಲ್ಲೇ ನೇತಾಡುತ್ತಿತ್ತು. ಇಂಬಳಕ್ಕೆ ಬೇಕಾದದ್ದು ಚಿಟಿಕೆ ಸುಣ್ಣವೋ ಹೊಗೆಸೊಪ್ಪೋ, ಏನೂ ಇಲ್ಲದಿದ್ದರೆ ಉಪ್ಪು. ಉಪ್ಪನ್ನು ಉಪ್ಪಿಟ್ಟಿಗೆ ಹಾಕಿ ಮುಗಿಸಿದ್ದೆವು. ಅದೂ ಜಾಸ್ತಿಯಾಗಿತ್ತು.

ಸಂಜೆ ಬೆಂಕಿ ಹಾಕಬೇಕಿತ್ತು. ಜಾಗದ ಯಜಮಾನರು ಕೊಟ್ಟಿಗೆ ಪಕ್ಕದಿಂದ ಚೆನ್ನಾಗಿ ಒಡೆದು ಒಣಗಿಸಿದ ಸೌದೆ ತಂದುಕೊಟ್ಟರು. ಭಾವ ಒಪ್ಪಲಿಲ್ಲ. ಚಾಕುವನ್ನು ದಿಮ್ಮಿಯ ಮೇಲಿಟ್ಟು, ಅದರ ಬೆನ್ನಿಗೆ ಇನ್ನೊಂದು ಕೊರಡಿನಿಂದ ಬಡಿದು ಸೌದೆ ಸೀಳುವ ವಿದ್ಯೆ ಅವರು ಕಲಿತಿದ್ದರು. ಒಡೆಯದ ದಿಮ್ಮಿಯೇ ಬೇಕು ಅಂದರು. ಯಜಮಾನರು ಪಾಪ, ನೆಂಟರ ಆಸೆ ಅಂತ ತೋಟವೆಲ್ಲ ಹುಡುಕಿ ಒಂದನ್ನು ಹೊತ್ತು ತಂದರು.

ಈ ವಿದ್ಯೆಗೆ ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಒಂದೇ ತುಂಡಾಗಿ ಇಳಿದಿರಬೇಕು. ಟೊಳ್ಳು ಹಿಡಿಯ ಅಗ್ಗದ ಚಾಕುವಿನಲ್ಲಿ ಅಲಗಿನ ಬುಡ ಒಂದಂಗುಲ ಒಳಗೆ ಹೋಗಿ ನಟ್ಟಿನ ಮೇಲೆ ನಿಂತಿರುತ್ತದೆ. ಉಳಿದ ಜಾಗ ಬೆಂಕಿಕಡ್ಡಿಗೆ ಬೇಕಲ್ಲ. ಭಾವ ಮೂರನೇ ಪೆಟ್ಟು ಹಾಕಿದರು. ಅಲಗು ದಿಮ್ಮಿಯಲ್ಲೇ ಉಳಿಯಿತು, ಹಿಡಿ ಮಾತ್ರ ಕೈಗೆ ಬಂತು. ಗಾಳ, ನೂಲು, ಕಡ್ಡಿ ಎಲ್ಲ ಚೆಲ್ಲಾಪಿಲ್ಲಿ. ಬ್ಯಾಂಕಿನವನು ಬಗ್ಗಿ ನೋಡಿ ಹೇಳಿದ, "ಭಾವ, ದಿಕ್ಸೂಚಿ ಈಗ ಸರಿಯಾಗಿ ಉತ್ತರ ತೋರಿಸ್ತಿದೆ."

ಯಜಮಾನರು ನಗಲಿಲ್ಲ. ಮಲೆನಾಡಿನವರು ನೆಂಟರ ಎದುರು ನಗುವುದಿಲ್ಲ, ನಾವು ಹೋದ ಮೇಲೆ ವಾರವಿಡೀ ನಕ್ಕಿರುತ್ತಾರೆ. ಸೊಂಟದ ಹಿಂದಿನ ಕೊಕ್ಕೆಯಿಂದ ಕತ್ತಿ ತೆಗೆದರು. ದಿಮ್ಮಿ ಸೀಳಿ ಭಾವನ ಅಲಗು ಬಿಡಿಸಿಕೊಟ್ಟರು. ಅದೇ ಕತ್ತಿಯಲ್ಲಿ ಟೆಂಟಿಗೆ ಗೂಟ ಚೂಪು ಮಾಡಿದರು, ಊಟಕ್ಕೆ ಬಾಳೆಲೆ ಕೊಯ್ದರು, ಎಳನೀರು ಕೆತ್ತಿದರು, ನಮ್ಮ ದಾರಿಗೆ ಅಡ್ಡಬಂದಿದ್ದ ಬೆತ್ತದ ಮುಳ್ಳು ಸವರಿದರು. ಇಷ್ಟಕ್ಕೂ ಹಿಡಿದದ್ದು ಬ್ಯಾಂಕಿನವನು ತನ್ನ ಚಾಕುವಿನ ಚಿಮುಟ ಹುಡುಕುವಷ್ಟು ಹೊತ್ತು. ಕೊಡಗಿನ ಮದುವೆಗಳಲ್ಲಿ ಒಡಿಕತ್ತಿಯಿಂದ ಬಾಳೆದಿಂಡು ಕಡಿಯುವುದನ್ನು ನೋಡಿದವರಿಗೆ ಈ ಕೈ ಯಾವುದು ಅಂತ ಗೊತ್ತಾಗುತ್ತೆ. ಕತ್ತಿ ಎಷ್ಟು ಭಾರವೋ ಅಷ್ಟೇ ಕೆಲಸ ಅದೇ ಮಾಡುತ್ತೆ, ತೋಳು ಬರೀ ದಾರಿ ತೋರಿಸುತ್ತೆ.

ಮಡಚುವ ಚಾಕುವಿನ ಬಗ್ಗೆ ಇನ್ನೊಂದು ಮಾತು. ತೀರ್ಥಹಳ್ಳಿ ಕಡೆ ಬೇಸಿಗೆಯಲ್ಲಿ ಹೋದಾಗ ಗೆಳೆಯನೊಬ್ಬ ತನ್ನ ದುಬಾರಿ ಚಾಕುವಿನಲ್ಲಿ ಹಲಸಿನಹಣ್ಣು ಬಿಡಿಸಿದ. ಅಲಗಿಗೂ ಕೈಗೂ ಕೊಬ್ಬರಿಎಣ್ಣೆ ಸವರಿಕೊಳ್ಳಿ ಅಂತ ಅಲ್ಲಿದ್ದ ಅಜ್ಜಿ ಹೇಳಿದರು. ಜಪಾನಿನ ಉಕ್ಕು ಅಜ್ಜಿ, ಏನೂ ಆಗಲ್ಲ ಅಂದ. ಹಲಸಿನ ಮೇಣಕ್ಕೆ ಜಪಾನು ಗೊತ್ತಿಲ್ಲ. ಕೀಲಿನೊಳಗೆ ಇಳಿದು ಕೂತಿತು. ಚಾಕು ಅರ್ಧ ತೆರೆದು ನಿಂತಿತು, ಮುಚ್ಚಲೂ ಇಲ್ಲ, ತೆರೆಯಲೂ ಇಲ್ಲ. ಸೋಪು, ಬಿಸಿನೀರು ಎಲ್ಲ ಆಯಿತು. ಮೇಣ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೇ ಬಿಡಬೇಕು. ಒಂದು ಬಟ್ಟಲು ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಹಾಕಿದ. ಆ ಎಣ್ಣೆ ಏನಾಯಿತು ಅಂತ ಕೇಳಬೇಡಿ, ಬೆಳಗ್ಗೆ ದೋಸೆ ಚೆನ್ನಾಗಿತ್ತು.

ಭಾವ ಮುರಿದ ಅಲಗನ್ನು ಬಿಡಲಿಲ್ಲ. ವಾಪಸು ಬರುವಾಗ ದಾರಿಯಲ್ಲಿದ್ದ ಕುಲುಮೆಯ ಮುಂದೆ ಕಾರು ನಿಲ್ಲಿಸಿ, ಇದಕ್ಕೊಂದು ಹಿಡಿ ಹಾಕಿಕೊಡಿ ಅಂದರು. ಆಚಾರ್ರು ಅಲಗನ್ನು ಬೆರಳಲ್ಲಿ ತಟ್ಟಿ ಸದ್ದು ಕೇಳಿದರು. ಬಾಗಿಸಿ ನೋಡಿದರು. ಅದು ಬಾಗಿದ್ದು ಬಾಗಿದ ಹಾಗೇ ಉಳಿಯಿತು. ಮಾತಾಡದೆ ಮೂಲೆಯಲ್ಲಿದ್ದ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ತೋರಿಸಿದರು. ಇಲ್ಲಿನ ಕತ್ತಿಗಳಿಗೆ ಆ ಪಟ್ಟಿಗಳೇ ಮೂಲ. ಎಷ್ಟೋ ವರ್ಷ ಘಟ್ಟದ ರಸ್ತೆಯಲ್ಲಿ ಲೋಡು ಹೊತ್ತು ಬಗ್ಗಿ ಎದ್ದ ಉಕ್ಕು, ಒಂದು ದಿಮ್ಮಿಗೆ ಹೆದರುತ್ತಾ?

ಭಾವ ಎರಡು ಗಂಟೆ ಕುಲುಮೆಯ ಮುಂದೆ ಕೂತು ಕತ್ತಿ ಮಾಡಿಸಿಕೊಂಡರು. ತಿದಿ ಒತ್ತುವ ಕೆಲಸವನ್ನೂ ತಾವೇ ಕೇಳಿ ತಗೊಂಡರು. ಈಗ ಅದು ಬೆಂಗಳೂರಿನ ಅವರ ಅಪಾರ್ಟ್‌ಮೆಂಟಿನಲ್ಲಿದೆ. ಕಾಫಿ ಮಗ್ಗಿನ ತಳದ ಒರಟು ಅಂಚಿಗೆ ಉಜ್ಜಿ ಹರಿತ ಕಾಯುತ್ತಾರೆ, ಅಕ್ಕನ ಮಗ್ಗುಗಳ ತಳವೆಲ್ಲ ಕಪ್ಪು ಗೆರೆ. ಬೇಸಾಯದ ಕತ್ತಿ, ವಿನಾಯಿತಿ ಇದೆ ಅಂತ ಬಂದವರಿಗೆಲ್ಲ ವಿವರಿಸುತ್ತಾರೆ. ಅವರ ಬೇಸಾಯ ಬಾಲ್ಕನಿಯ ಎರಡು ಕುಂಡ ಕರಿಬೇವು. ಆದರೆ ಮೂರೂ ಬ್ಲಾಕಿನಲ್ಲಿ ಯಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇದ್ದರೂ ಹಿಂದಿನ ದಿನ ಸಂಜೆ ಭಾವನಿಗೆ ಫೋನು ಬರುತ್ತದೆ. ತೆಂಗಿನಕಾಯಿ ಸುಲಿಯಲು.