ತಮಟೆಯ ಹಿಂದೆ ಕುಳಿತ ವಾದ್ಯವೃಂದ

ಶಿಡ್ಲಘಟ್ಟದಲ್ಲಿ ಅಕ್ಕನ ಮನೆಗೆ ಅಂಟಿಕೊಂಡಂತೆ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವೊಂದಿದೆ. ಬೆಳಗ್ಗೆ ಯಂತ್ರ ಶುರುವಾದರೆ ಗೋಡೆಯೇ ಗುಂಯ್‌ಗುಡುತ್ತದೆ. ಆ ಗೋಡೆಗೆ ಮೇಜು ಹಾಕಿಕೊಂಡು ಅಕ್ಕನ ಮಗ ಸಂಗೀತ ಮಾಡುತ್ತಾನೆ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ತನ್ನ ಹೊಸ ಕೆಲಸವನ್ನು ಕೇಳಿಸಿದ. ಸಂತಕವಿ ಕೈವಾರ ತಾತಯ್ಯನವರ ಕುರಿತು ಅವನ ಗೆಳೆಯರು ಆಡಲಿರುವ ನೃತ್ಯರೂಪಕಕ್ಕೆ ಆರು ನಿಮಿಷದ ಹಿನ್ನೆಲೆ ಸಂಗೀತ. ಪಿಟೀಲು, ಚೆಲ್ಲೊ, ಫ್ರೆಂಚ್ ಹಾರ್ನ್, ಟ್ರಂಪೆಟ್, ಕೊಳಲು ಎಲ್ಲವೂ ಕಂಪ್ಯೂಟರಿನೊಳಗಿನ ಸ್ಯಾಂಪಲ್‌ಗಳು, ಅಂದರೆ ಮೊದಲೇ ಮುದ್ರಿಸಿಟ್ಟ ವಾದ್ಯಗಳ ಬಿಡಿ ಸ್ವರಗಳು. ತಮಟೆಯೊಂದೇ ಮನುಷ್ಯನ ಕೈಯಿಂದ ಬಂದದ್ದು. ರಾಗ ಚೆನ್ನಾಗಿತ್ತು, ಸ್ವರಗಳನ್ನು ಹೆಣೆದ ರೀತಿಯೂ ಚೆನ್ನಾಗಿತ್ತು. ಆದರೆ ಅರವತ್ತು ಜನ ನನ್ನ ಮುಖದ ಮುಂದೆಯೇ ಸಾಲಾಗಿ ನಿಂತು ಒಟ್ಟಿಗೆ ನುಡಿಸಿದಂತೆ ಕೇಳುತ್ತಿತ್ತು. ಯಾರೂ ಹಿಂದಿರಲಿಲ್ಲ, ಯಾರೂ ದೂರವಿರಲಿಲ್ಲ.

ನಾನು 13 ವರ್ಷದಿಂದ ವಿಯೆನ್ನಾದಲ್ಲಿದ್ದೇನೆ. ಹಗಲೆಲ್ಲ ಕಚೇರಿ, ಸಂಜೆ ಇದೇ ಸ್ಯಾಂಪಲ್‌ಗಳ ಕೆಲಸ. 1870ರಲ್ಲಿ ಬಾಗಿಲು ತೆರೆದ ಮ್ಯೂಸಿಕ್‌ಫೆರೈನ್ ಸಭಾಂಗಣದಲ್ಲಿ ಹಿಂಬದಿಗೆ ನಿಂತು ಕೇಳುವವರಿಗೆ ಅಗ್ಗದ ಟಿಕೆಟ್ ಸಿಗುತ್ತದೆ. ಅಲ್ಲಿ ಕಣ್ಣು ಮುಚ್ಚಿ ನಿಂತರೂ ಯಾರು ಎಲ್ಲಿ ಕುಳಿತಿದ್ದಾರೆಂದು ಬೆರಳು ಮಾಡಿ ತೋರಿಸಬಹುದು. ಮೊದಲ ಪಿಟೀಲುಗಳು ಎಡಕ್ಕೆ, ಹತ್ತಿರ. ಮರದ ಸುಷಿರ ವಾದ್ಯಗಳು ನಡುವೆ, ಅವುಗಳ ಹಿಂದೆ ಹಿತ್ತಾಳೆಯವು. ವಿಯೆನ್ನಾ ಫಿಲ್ಹಾರ್ಮೋನಿಕ್ ನುಡಿಸುವಾಗ ಡಬಲ್ ಬಾಸ್‌ಗಳು ಹಿಂದಿನ ಗೋಡೆಯುದ್ದಕ್ಕೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಅವರ ಟಿಂಪನಿಗೆ, ಅಂದರೆ ದೊಡ್ಡ ನಗಾರಿಗೆ, ಇಂದಿಗೂ ಮೇಕೆಯ ಚರ್ಮ. ನುಡಿ ನಿಂತ ಮೇಲೂ ಸುಮಾರು ಎರಡು ಸೆಕೆಂಡ್ ಆ ಕೋಣೆ ಅದನ್ನು ಹಿಡಿದುಕೊಂಡಿರುತ್ತದೆ. ಆಸನದ ಕ್ರಮ ತಲೆಮಾರುಗಳಿಂದ ಬಂದಿರುವುದರಿಂದ ದೂರ ಯಾವುದು, ಹತ್ತಿರ ಯಾವುದು ಎಂದು ಅಲ್ಲಿ ಯಾರೂ ಹೊಸದಾಗಿ ಯೋಚಿಸಬೇಕಾಗಿಲ್ಲ.

ನಮ್ಮ ಹುಡುಗನ ಮುಂದೆ ಆ ಕೋಣೆಯೂ ಇಲ್ಲ, ಆಸನವೂ ಇಲ್ಲ. ಇರುವುದು ನಲವತ್ತು ಟ್ರ್ಯಾಕ್‌ಗಳು. ಮೇಲಾಗಿ ಸ್ಯಾಂಪಲ್‌ಗಳಲ್ಲಿಯೇ ಎರಡು ಮನೆತನಗಳಿವೆ. ಸ್ಯಾಂಪಲ್ ತಯಾರಿಸುವ ವಿಯೆನ್ನಾ ಸಿಂಫೋನಿಕ್ ಲೈಬ್ರರಿಯವರು ಮೊದಲಿನ ವರ್ಷಗಳಲ್ಲಿ ಪ್ರತಿಧ್ವನಿ ತೀರ ಕಡಿಮೆಯಿರುವ ಕೋಣೆಯಲ್ಲಿ ವಾದ್ಯಗಳನ್ನು ಮುದ್ರಿಸಿದರು. ಅದಕ್ಕೆ ಜಾಗವನ್ನು ಬಳಸುವವರೇ ಕಟ್ಟಿಕೊಡಬೇಕು. ಲಂಡನ್ನಿನಲ್ಲಿ ಹಿಂದೆ ಚರ್ಚ್ ಆಗಿದ್ದ ಲಿಂಡ್‌ಹರ್ಸ್ಟ್ ಹಾಲ್, ಬರ್ಲಿನ್ನಿನ ಟೆಲ್ಡೆಕ್ಸ್ ಸ್ಟುಡಿಯೋ ಮುಂತಾದ ಕಡೆ ಮುದ್ರಿಸಿದವುಗಳಲ್ಲಿ ಕೋಣೆಯೂ ಆಸನವೂ ಸ್ವರದೊಳಗೇ ಸೇರಿರುತ್ತವೆ. ಒಣ ಸ್ಯಾಂಪಲ್ ಅಕ್ಕಿಯಿದ್ದಂತೆ, ಸಭಾಂಗಣದ ಸ್ಯಾಂಪಲ್ ಬೆಂದ ಅನ್ನ. ಹುಡುಗ ಅನ್ನಕ್ಕೂ ಅಕ್ಕಿಗೂ ಒಂದೇ ಅಳತೆಯ ನೀರು ಹಾಕಿ ಮತ್ತೆ ಕುದಿಸಿದ್ದ. ಪ್ರತಿ ಟ್ರ್ಯಾಕಿನ ಮೇಲೂ ಒಂದೊಂದು ದೊಡ್ಡ ರಿವರ್ಬ್, ಅಂದರೆ ಕೋಣೆಯ ಅನುರಣನವನ್ನು ಹುಟ್ಟಿಸುವ ಸಾಧನ, ಇತ್ತು. ತಂತಿವಾದ್ಯಗಳು ಗಂಜಿಯಾಗಿದ್ದವು.

ಅವನನ್ನು ತಪ್ಪೆನ್ನಲಾರೆ. ಇಂಟರ್ನೆಟ್ಟಿನಲ್ಲಿ ಸಿಗುವ ಪಾಠಗಳೆಲ್ಲ ಯಾವ ಗುಂಡಿ ಎಷ್ಟು ತಿರುಗಿಸಬೇಕೆಂದು ಹೇಳುತ್ತವೆ, ಕೇಳುವವನು ಎಲ್ಲಿ ನಿಂತಿದ್ದಾನೆಂದು ಕೇಳುವುದಿಲ್ಲ. ನನ್ನ ಮಟ್ಟಿಗೆ ಮಿಕ್ಸಿಂಗ್, ಅಂದರೆ ಎಲ್ಲ ಟ್ರ್ಯಾಕ್‌ಗಳನ್ನು ಹದವಾಗಿ ಬೆರೆಸುವ ಕೆಲಸ, ಶುರುವಾಗುವುದು ಆ ಪ್ರಶ್ನೆಯಿಂದ. ಅದನ್ನು ನಾನು ಕಲಿತದ್ದು ವಿಯೆನ್ನಾದಲ್ಲಿ ಎಂದು ಬಹಳ ಕಾಲ ನಂಬಿದ್ದೆ. ಈ ಸಲ ಮಹಡಿಯಲ್ಲಿ ಮಲಗಿದ್ದಾಗ ಅದು ನಿಜವಲ್ಲವೆಂದು ತಿಳಿಯಿತು.

ರಾತ್ರಿ ಹತ್ತರ ಮೇಲೆ ಉತ್ಸವ ಹೊರಟಿತ್ತು. ಮೊದಲು ಕೇಳಿದ್ದು ಡೋಲಿನ ಗುದ್ದು ಮಾತ್ರ. ನಾಗಸ್ವರ ಇರಲೇ ಇಲ್ಲ. ಮೆರವಣಿಗೆ ನಮ್ಮ ಬೀದಿಯ ತಿರುವಿಗೆ ಬಂದ ಕ್ಷಣ ನಾಗಸ್ವರ ಪರದೆ ಸರಿಸಿದಂತೆ ತೆರೆದುಕೊಂಡಿತು, ಅದರ ಜೊತೆಗೆ ತಾಳದ ಕಿಣಿ. ಮಂದ್ರದ ಉದ್ದ ಅಲೆಗಳು ಮನೆಗಳ ಮೂಲೆಯನ್ನು ಬಳಸಿಕೊಂಡು ಬರುತ್ತವೆ. ತಾರದ ಸಣ್ಣ ಅಲೆಗಳನ್ನು ಗೋಡೆ ತಡೆಯುತ್ತದೆ, ಉಳಿದದ್ದನ್ನು ಗಾಳಿಯೂ ಸ್ವಲ್ಪ ಸವೆಸುತ್ತದೆ. ಎಳೆವಯಸ್ಸಿನಿಂದಲೂ ನಂದಿಯ ಶಿವರಾತ್ರಿ ತೇರಿನಲ್ಲಿ, ಊರ ದ್ಯಾವರದ ಹಬ್ಬದಲ್ಲಿ ಈ ಕಿವಿ ಕಲಿತದ್ದು ಇದನ್ನೇ. ದೂರದ ಸದ್ದು ಬರೀ ಸಣ್ಣದಾಗಿರುವುದಿಲ್ಲ, ಅದರ ಬಣ್ಣವೇ ಬೇರೆ.

ಮರುದಿನ ಇಬ್ಬರೂ ಕುಳಿತೆವು. ಎಲ್ಲ ರಿವರ್ಬ್‌ಗಳನ್ನೂ ತೆಗೆದು, ಇಡೀ ವೃಂದಕ್ಕೆ ಒಂದೇ ಸಭಾಂಗಣದ ರಿವರ್ಬ್ ಇಟ್ಟು, ಯಾವ ವಾದ್ಯದಿಂದ ಅದಕ್ಕೆ ಎಷ್ಟು ಕಳಿಸಬೇಕೆಂದು ಮಾತ್ರ ನೋಡಿದೆವು. ಸಭಾಂಗಣದಲ್ಲೇ ಮುದ್ರಿಸಿದ ತಂತಿವಾದ್ಯಗಳಿಂದ ಹನಿಯಷ್ಟು, ಒಣ ಟ್ರಂಪೆಟ್ಟಿನಿಂದ ಧಾರಾಳವಾಗಿ. ಹಿಂದೆ ಕೂರಬೇಕಾದ ಹಾರ್ನ್‌ಗಳಿಗೆ ತಾರದ ಅಂಚನ್ನು ಮಂದ್ರ-ತಾರಗಳನ್ನು ಏರಿಳಿಸುವ ಈಕ್ಯೂನಲ್ಲಿ ಕೊಂಚ ಇಳಿಸಿದೆವು, ಎಡದಿಂದ ಬಲಕ್ಕೆ ಹರಡಿದ ಅವುಗಳ ಅಗಲವನ್ನೂ ಕಿರಿದು ಮಾಡಿದೆವು. ದೂರ ಹೋದಂತೆ ಒಂದು ಗುಂಪು ಕಣ್ಣಿಗೆ ಕಿರಿದಾಗುವ ಹಾಗೆ ಕಿವಿಗೂ ಕಿರಿದಾಗುತ್ತದೆ.

ಪ್ರೀ-ಡಿಲೇ, ಅಂದರೆ ನೇರ ಸದ್ದಿಗೂ ಅದರ ರಿವರ್ಬ್ ಶುರುವಾಗುವುದಕ್ಕೂ ನಡುವಿನ ತಡ, ಇದರ ವಿಷಯದಲ್ಲಿ ಅವನು ಒಪ್ಪಲು ಬಹಳ ಹೊತ್ತು ಹಿಡಿಯಿತು. ದೂರದ ವಾದ್ಯಕ್ಕೆ ಹೆಚ್ಚು ಪ್ರೀ-ಡಿಲೇ ಕೊಡಬೇಕೆಂದು ಅವನ ಎಣಿಕೆ. ದೂರದ ಸದ್ದು ತಡವಾಗಿ ಬರುತ್ತದಲ್ಲ ಎಂದ. ಕಾಗದದ ಮೇಲೆ ಬರೆದು ತೋರಿಸಿದೆ. ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ನನ್ನ ಎದುರು ಎರಡು ಮೀಟರಿನಲ್ಲಿ ಪಿಟೀಲಿದ್ದರೆ ಅದು 6 ಮಿಲಿಸೆಕೆಂಡಿನಲ್ಲಿ ತಲುಪುತ್ತದೆ. ಗೋಡೆಗೆ ಬಡಿದು ಬರುವ ಅದರ ಪ್ರತಿಧ್ವನಿಗೆ ಇನ್ನೂ ಹತ್ತಾರು ಮಿಲಿಸೆಕೆಂಡ್ ಬೇಕು. ನಡುವೆ ಖಾಲಿ ಜಾಗವಿದೆ. ಅದೇ ಹಿಂದಿನ ಗೋಡೆಗೆ ಒರಗಿದ ಟ್ರಂಪೆಟ್ಟಿನ ನೇರ ಸದ್ದು, ಆ ಗೋಡೆಯಿಂದ ಚಿಮ್ಮಿದ ಸದ್ದು ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಹತ್ತಿರದ್ದಕ್ಕೆ ಹೆಚ್ಚು, ದೂರದ್ದಕ್ಕೆ ಕಡಿಮೆ. ಹಾರ್ನ್‌ಗಳಿಗೆ 5, ಪಿಟೀಲುಗಳಿಗೆ 30 ಮಿಲಿಸೆಕೆಂಡ್ ಎಂದು ಇಟ್ಟು ಕೇಳಿದಾಗ ಅವನು ಹೆಡ್‌ಫೋನ್ ತೆಗೆದು ನನ್ನ ಮುಖ ನೋಡಿದ. ಹಾರ್ನ್‌ಗಳು ಎದ್ದು ಹಿಂದಕ್ಕೆ ಹೋಗಿ ಕುಳಿತಿದ್ದವು, ಸದ್ದನ್ನು ಏರಿಳಿಸುವ ಫೇಡರನ್ನು ನಾವು ಮುಟ್ಟಿರಲಿಲ್ಲ.

ಮಧ್ಯಾಹ್ನ ಕರೆಂಟು ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಲೇ ಇತ್ತು, ಆದರೆ ಪಕ್ಕದ ಯಂತ್ರ ನಿಂತಿತು. ಕೂಡಲೇ ಡಬಲ್ ಬಾಸ್‌ಗಳು ತಲೆಗೆ ಗುದ್ದತೊಡಗಿದವು. ಆರು ತಿಂಗಳಿಂದ ಗೋಡೆಯ ಗುಂಯ್‌ಗಾರ ಮಂದ್ರವನ್ನು ಮುಚ್ಚುತ್ತಿದ್ದುದರಿಂದ ಹುಡುಗ ಅದನ್ನು ಏರಿಸುತ್ತಲೇ ಬಂದಿದ್ದ. ಅವತ್ತಿನಿಂದ ಬಾಸ್ ನೋಡುವುದನ್ನು ಯಂತ್ರ ನಿಂತ ಮೇಲಿನ ರಾತ್ರಿಗೆ ಇಟ್ಟುಕೊಂಡಿದ್ದಾನೆ. 200ರಿಂದ 400 ಹರ್ಟ್ಸ್ ನಡುವಿನ ಮಬ್ಬು ಮಾತ್ರ ಬೇರೆ ಕಾರಣದ್ದು: ಹತ್ತಾರು ಟ್ರ್ಯಾಕ್‌ಗಳು ತಮ್ಮ ತಮ್ಮ ಕೋಣೆಯನ್ನು ಹೊತ್ತು ತಂದು ಅಲ್ಲಿ ರಾಶಿ ಹಾಕುತ್ತವೆ. ರಿವರ್ಬ್‌ನಿಂದ ಮರಳಿ ಬರುವ ಸದ್ದಿನಲ್ಲಿ ಮಂದ್ರವನ್ನು ಕತ್ತರಿಸಿದ್ದಕ್ಕೇ ಅರ್ಧ ಮಬ್ಬು ಹೋಯಿತು.

ಇನ್ನೊಂದು ತೊಡಕು ಸ್ವರ ಬರೆಯುವಾಗಲೇ ಆದದ್ದು. ಹದಿನಾರು ಪಿಟೀಲುಗಳ ಗುಂಪಿನ ಸ್ಯಾಂಪಲ್ಲಿನಲ್ಲಿ ಮೂರು ಸ್ವರ ಒಟ್ಟಿಗೆ ಒತ್ತಿದರೆ ನಲವತ್ತೆಂಟು ಪಿಟೀಲುಗಳಾಗುತ್ತವೆ. ನಿಜವಾದ ವೃಂದದಲ್ಲಿ ಆ ಹದಿನಾರು ಜನರೇ ಮೂರು ಪಾಲಾಗುತ್ತಾರೆ. ಅದನ್ನು ಯಾವ ಈಕ್ಯೂ ಕೂಡ ಸರಿಮಾಡದು. ಸಣ್ಣ ಗುಂಪಿನ ಸ್ಯಾಂಪಲ್ ಹಾಕಿ ಹಂಚಬೇಕು.

ಇಲ್ಲಿಯವರೆಗೆ ವಿಯೆನ್ನಾದ ರೀತಿ ಗೆಲ್ಲುತ್ತಿತ್ತು. ಆಮೇಲೆ ಹುಡುಗ ಕೇಳಿದ: ಇದನ್ನು ಚಿಂತಾಮಣಿ ಬಸ್ಸಿನಲ್ಲಿ ಕೇಳಿದರೆ? ದೇವಸ್ಥಾನದ ಮುಂದಿನ ಮೈದಾನದಲ್ಲಿ ಕಂಬಕ್ಕೆ ಕಟ್ಟಿದ ಹಾರ್ನ್ ಸ್ಪೀಕರಿನಲ್ಲಿ ಹಾಕಿದರೆ? ಎರಡು ಸಾವಿರ ಜನ ಉಸಿರು ಬಿಗಿಹಿಡಿದು ಕೂರುವ ಸಭಾಂಗಣದಲ್ಲಿ ಪಿಸುದನಿಯ ಪಿಟೀಲಿಗೂ ಜಾಗವಿದೆ. ಬಸ್ಸಿನ ಇಂಜಿನ್ನಿಗೆ ಆ ಮರ್ಯಾದೆ ಗೊತ್ತಿಲ್ಲ. ನಾನು ಎಡಬಲಗಳನ್ನು ಅಗಲಿಸಲು ಒಂದು ಕಡೆಯ ಸದ್ದನ್ನು 15 ಮಿಲಿಸೆಕೆಂಡ್ ತಡಮಾಡಿದ್ದೆ. ಹೆಲ್ಮುಟ್ ಹಾಸ್ 1949ರಲ್ಲಿ ವಿವರಿಸಿದ ಪರಿಣಾಮ ಅದು, ಮೊದಲು ತಲುಪಿದ ಸದ್ದಿನ ಕಡೆಗೇ ಕಿವಿ ವಾಲುತ್ತದೆ. ಹೆಡ್‌ಫೋನಿನಲ್ಲಿ ಬಹಳ ಸೊಗಸು. ಎರಡೂ ಕಡೆಯನ್ನು ಸೇರಿಸಿ ಒಂದೇ ಸ್ಪೀಕರಿಗೆ ಕೊಟ್ಟಾಗ ಅಲೆಗಳು ಒಂದನ್ನೊಂದು ಅಲ್ಲಲ್ಲಿ ಅಳಿಸಿಹಾಕಿ ಪಿಟೀಲು ಕೊಳವೆಯೊಳಗೆ ನುಡಿಸಿದಂತೆ ಟೊಳ್ಳಾಯಿತು. ನಮ್ಮೂರಿನ ಕೇಳ್ಮೆಯಲ್ಲಿ ಬಹುಪಾಲು ಒಂದೇ ಸ್ಪೀಕರಿನದು. ಆ ಉಪಾಯವನ್ನು ಅಲ್ಲೇ ಅಳಿಸಿದೆವು. ಜೋರು-ಮೆಲ್ಲಗಿನ ಅಂತರವನ್ನೂ ಕಡಿಮೆ ಮಾಡಿದೆವು. ಅಚ್ಚರಿಯೆಂದರೆ ದೂರ ಹಾಗೇ ಉಳಿಯಿತು. ಅದನ್ನು ನಾವು ಬಣ್ಣದಿಂದಲೂ ಪ್ರೀ-ಡಿಲೇಯಿಂದಲೂ ಕಟ್ಟಿದ್ದೆವು, ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿಯೂ ಹಾರ್ನ್‌ಗಳು ಹಿಂದೆಯೇ ಕುಳಿತಿದ್ದವು.

ಕೊನೆಗೆ ತಮಟೆ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ವಾದ್ಯ ಇದು. ಹುಡುಗ ಇದನ್ನು ಅಂಗಳದಲ್ಲಿ, ಬೆಂಕಿಗೆ ಕಾಯಿಸಿ ಚರ್ಮ ಬಿಗಿಯಾದ ಕೂಡಲೇ, ಒಂದು ಮಾರು ದೂರದಿಂದ ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದ. ಕೋಲು ಬಿದ್ದ ಕ್ಷಣದ ಚಟ್ ಎಂಬ ಅಂಚು, ಅದರ ಬೆನ್ನಿಗೇ ಚರ್ಮದ ಗಣ ಎಂಬ ಕಂಪನ, ಎರಡೂ ಬಿಡಿಬಿಡಿಯಾಗಿ ಕೇಳುತ್ತಿದ್ದವು. ನಾನು ಅದನ್ನು ಟಿಂಪನಿಯ ಜಾಗಕ್ಕೆ, ಹಿಂದಿನ ಗೋಡೆಗೆ ಕಳಿಸಿದೆ. ತಾಳವಾದ್ಯ ಹಿಂದೆ ಕೂರುವುದನ್ನೇ ಇಷ್ಟು ವರ್ಷ ನೋಡಿದ್ದೆ. ತಾರ ಇಳಿಸಿ ರಿವರ್ಬ್ ಏರಿಸಿದೊಡನೆ ಚಟ್ ಕರಗಿತು, ಉಳಿದದ್ದು ಯಾರೋ ಮಂಚಕ್ಕೆ ಬಡಿದ ಸದ್ದು. ಹುಡುಗ ಏನೂ ಹೇಳಲಿಲ್ಲ, ಆದರೆ ಅವನ ಮುಖ ಬಾಡಿತು. ಅವನದೇ ಸರಿ. ತಮಟೆ ಬಯಲಿನದು. ದೇವರ ಮುಂದೆ, ಹೆಣದ ಮುಂದೆ, ಎಲ್ಲ ಮೆರವಣಿಗೆಯ ಮುಂದೆ ನಡೆಯುವ ವಾದ್ಯ. ಅದನ್ನು ಬಾರಿಸುವ ಜನರನ್ನು ಊರಿನ ಹೊರಗೆ, ಹಿಂದೆ ಇಟ್ಟ ಕಾಲವನ್ನು ನಾವಿಬ್ಬರೂ ಬಲ್ಲೆವು. ವಾದ್ಯವನ್ನೂ ಹಿಂದೆ ಕೂರಿಸಲು ನನಗೆ ಮನಸ್ಸಾಗಲಿಲ್ಲ.

ತಮಟೆಯನ್ನು ನಟ್ಟನಡುವೆ ಮುಂದಕ್ಕೆ ತಂದೆವು. ಸಭಾಂಗಣದ ಒಂದು ಹನಿಯೂ ಅದಕ್ಕಿಲ್ಲ. ಎದುರು ಮನೆಯ ಗೋಡೆಗೆ ತಾಗಿ ಬಂದಂಥ ಗಿಡ್ಡ ಪ್ರತಿಫಲನವೊಂದನ್ನು ಮಾತ್ರ ಕೊಟ್ಟೆವು. ಪಿಟೀಲುಗಳನ್ನು ಇನ್ನೂ ನಾಲ್ಕು ಹೆಜ್ಜೆ ಹಿಂದೆ ಸರಿಸಿ, ಚಟ್ ಬೀಳುವ 2ರಿಂದ 4 ಕಿಲೋಹರ್ಟ್ಸ್ ಜಾಗವನ್ನು ಅವುಗಳಲ್ಲಿ ತುಸು ತಗ್ಗಿಸಿದೆವು. ಬೀದಿಯಲ್ಲಿ ತಮಟೆ, ಅದರ ಹಿಂದೆ ತೆರೆದ ಬಾಗಿಲಿನ ದೊಡ್ಡ ಮಂಟಪದೊಳಗೆ ವೃಂದ. ಇಂಥ ಜಾಗ ಲಂಡನ್ನಿನಲ್ಲೂ ಇಲ್ಲ, ವಿಯೆನ್ನಾದಲ್ಲೂ ಇಲ್ಲ. ನಂದಿಯ ಭೋಗನಂದೀಶ್ವರನ ಕಂಬಗಳ ನಡುವೆ ನಿಂತು ಹೊರಗಿನ ತೇರು ನೋಡಿದವರಿಗೆ ಅದು ಹೊಸದಲ್ಲ.

ಒಂದು ಕೆಲಸ ಬಾಕಿ ಉಳಿಯಿತು. ಮೂರನೆಯ ನಿಮಿಷದಲ್ಲಿ ಟ್ರಂಪೆಟ್ ಮೆಲ್ಲಗೆ ಬರಬೇಕು. ಹುಡುಗ ಗಟ್ಟಿಯಾಗಿ ಊದಿದ ಸ್ಯಾಂಪಲ್ ಇಟ್ಟು ಫೇಡರ್ ಇಳಿಸಿದ್ದಾನೆ. ಕೂಗನ್ನು ಎಷ್ಟು ಇಳಿಸಿದರೂ ಅದು ದೂರದ ಕೂಗೇ ಆಗಿರುತ್ತದೆ. ಮೆಲ್ಲಗೆ ಊದಿದ ಪದರ ಬೇರೆಯೇ ಇದೆ, ಅದನ್ನು ಹೊರತರುವುದು ಕೀಬೋರ್ಡಿನ ಮಾಡ್ಯುಲೇಷನ್ ಚಕ್ರ. ಆ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ, ಉಸಿರು ಏರಿ ಇಳಿದಂತೆ, ಇಡೀ ಸಾಲನ್ನು ಮತ್ತೆ ನುಡಿಸಬೇಕೆಂದು ಹೇಳಿ ವಿಮಾನ ಹತ್ತಿದೆ. ಮೊನ್ನೆ ಫೈಲ್ ಬಂತು. ಟ್ರಂಪೆಟ್ ಇನ್ನೂ ಹಾಗೇ ಇದೆ. ಈ ಭಾನುವಾರ, ಪಕ್ಕದ ಯಂತ್ರಕ್ಕೆ ರಜೆ ಇರುವಾಗ, ಫೋನು ಮಾಡುತ್ತೇನೆ.