ಸೈಲೆನ್ಸರ್ ಎಲ್ಲಿ ಬಿಚ್ಚಿಟ್ರಿ?

ನನ್ನ ಹತ್ತಿರ ರೇವಾ ಅನ್ನೋ ಒಂದು ಹಳೇ ಕರೆಂಟ್ ಕಾರು ಇದೆ. ಕಾರು ತಗೊಂಡೆ ಅಂತ ನಾನು ಹೇಳಿದರೆ, ಕಾರಿನ ಮರಿ ಅನ್ನಿ ಅಂತ ಹೆಂಡತಿ ತಿದ್ದುತ್ತಾಳೆ. 2001ರಲ್ಲಿ ನಮ್ಮ ಬೆಂಗಳೂರಲ್ಲೇ ಹುಟ್ಟಿದ ವಂಶ ಅದು. ಅದರ ಅಣ್ಣತಮ್ಮಂದಿರು ಲಂಡನ್ನಿಗೆ ಹೋಗಿ, ಜಿ-ವಿಜ್ ಅಂತ ಹೆಸರು ಬದಲಿಸಿಕೊಂಡು ಬಾಳಿದರು. ನನ್ನದು ಎಲ್ಲಿಗೂ ಹೋಗಲಿಲ್ಲ. ಬನಶಂಕರಿಯ ಒಂದು ಶೆಡ್ಡಿನಲ್ಲಿ ಕೂತು ಮೂರನೇ ಮಾಲೀಕನಿಗೆ ಕಾಯುತ್ತಿತ್ತು.

ಸೀಟು ಎತ್ತಿದರೆ ಕೆಳಗೆ 8 ಸೀಸದ ಬ್ಯಾಟರಿ. ಒಂದೊಂದೂ 6 ವೋಲ್ಟಿನದು, ಒಂದೊಂದಕ್ಕೂ ಮೂರು ಬಾಯಿ. ಒಟ್ಟು 24 ಬಾಯಿಗೆ ಡಿಸ್ಟಿಲ್ಡ್ ವಾಟರ್ ಕುಡಿಸಬೇಕು. ಎಲ್ಲಕ್ಕೂ ಒಟ್ಟಿಗೆ ನೀರು ಹೋಗೋ ಪೈಪು ನನ್ನ ಗಾಡಿಯಲ್ಲಿ ಯಾವತ್ತೋ ಒಡೆದು ಹೋಗಿತ್ತು. ಹಾಗಾಗಿ ಭಾನುವಾರ ಬೆಳಿಗ್ಗೆ ಆಲಿಕೆ ಹಿಡಿದು ಕೂರುತ್ತಿದ್ದೆ, ಮೊಮ್ಮಕ್ಕಳಿಗೆಲ್ಲ ಸಾಲಾಗಿ ಔಷಧಿ ಹಾಕುವ ಅಜ್ಜನ ಹಾಗೆ. ಹೊಸದರಲ್ಲಿ 80 ಕಿ.ಮೀ. ಓಡುತ್ತಿದ್ದ ಗಾಡಿ, ಈಗ 20ಕ್ಕೇ ಏದುಸಿರು ಬಿಡುತ್ತಿತ್ತು. ತಪ್ಪು ಕಾರಿನದಲ್ಲ, ವಯಸ್ಸಿನದು. ನನಗೂ ಮೊದಲಿನ ಹಾಗೆ ಮೆಟ್ಟಿಲು ಹತ್ತೋಕಾಗಲ್ಲ.

ಸರಿ, ಕೈಯಾರೆ ಸುಧಾರಿಸೋಣ ಅಂತ ಹೊರಟೆ. ಟೈರಿಗೆ ಸರಿಯಾಗಿ ಗಾಳಿ ತುಂಬಿಸಿದೆ, ಎರಡು ಕಿ.ಮೀ. ಜಾಸ್ತಿ ಸಿಕ್ಕಿತು, ಖರ್ಚು ಹತ್ತು ರೂಪಾಯಿ. ಬಿಸಿಲಿಗೆ ಚಾವಣಿ ಕಾಯದಿರಲಿ ಅಂತ ಒಳಗೆ ಫೋಮ್ ಶೀಟ್ ಅಂಟಿಸಿದೆ. ಅಂಗೈ ಅಗಲದ ಒಂದು ಫ್ಯಾನೂ ಬಂತು. ಉಳಿದಿದ್ದು ಬ್ಯಾಟರಿ.

ಎಲೆಕ್ಟ್ರಿಷಿಯನ್ ಗೆಳೆಯ ಲೆಕ್ಕ ಹಾಕಿದ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಒಂದಕ್ಕೆ 3.2 ವೋಲ್ಟ್. ಹದಿನಾರನ್ನು ಸಾಲಾಗಿ ಜೋಡಿಸಿದರೆ 51.2. ನಮ್ಮ 48 ವೋಲ್ಟಿನ ಗಾಡಿಗೆ ಅಳೆದು ಹೊಲಿದ ಹಾಗೆ. ಕಾಲು ಟನ್ ಸೀಸ ಇಳಿದು ಹೋಗುತ್ತೆ, ನೀರು ಕುಡಿಸೋ ಸೇವೆಯೂ ತಪ್ಪುತ್ತೆ. ಹಳೇ ಚಾರ್ಜರ್ ಮಾತ್ರ ಇದಕ್ಕೆ ಆಗಲ್ಲ, ಸೆಲ್ಲುಗಳನ್ನ ಕಾಯೋಕೆ ಒಂದು ಬಿಎಂಎಸ್ ಬೋರ್ಡೂ ಬೇಕು ಅಂದ. ಹಾಗೇ ಮಾತಾಡುತ್ತಾ ಸ್ಪ್ಯಾನರಿಗೆ ಮೊದಲಿಂದ ತುದಿವರೆಗೆ ಇನ್ಸುಲೇಷನ್ ಟೇಪ್ ಸುತ್ತುತ್ತಿದ್ದ. ಯಾಕೋ ಅಂದರೆ, 'ಇದು ಬ್ಯಾಟರಿಯ ಪ್ಲಸ್ಸು ಮೈನಸ್ಸಿಗೆ ಅಡ್ಡ ಬಿದ್ರೆ ಅಲ್ಲೇ ವೆಲ್ಡಿಂಗ್ ಆಗುತ್ತೆ' ಅಂದ.

ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರೋ ಎಸ್‌ಪಿ ರೋಡಿಗೆ ಹೋದೆವು. ರೇಟು ಕೇಳಿ ಗಂಟಲು ಒಣಗಿತು. ಅದರ ಮೇಲೆ ಜಿಎಸ್‌ಟಿ ಶೇ 18. ಹೊಸ ಕರೆಂಟ್ ಕಾರು ಕೊಂಡರೆ ಜಿಎಸ್‌ಟಿ ಎಷ್ಟು ಗೊತ್ತಾ? ಬ್ಯಾಟರಿಯೂ ಸೇರಿ ಶೇ 5. ಅಂದರೆ ಬ್ಯಾಟರಿ ಸುತ್ತ ಒಂದು ಹೊಸ ಕಾರು ಇದ್ದರೆ ಅದು ಪರಿಸರಕ್ಕೆ ಒಳ್ಳೇದು. ಬರೀ ಬ್ಯಾಟರಿ ಕೊಂಡು ಹಳೇ ಕಾರಿಗೆ ಹಾಕಿದರೆ ಅದು ಶೋಕಿ!

ಹಳೇ ಗಾಡಿ ಕಂಡರೆ ಈ ಮುನಿಸು ಇವತ್ತಿನದಲ್ಲ. 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಜೈಸಲ್ಮೇರಿನಲ್ಲಿ ಸಭೆ ಸೇರಿತ್ತು. ವ್ಯಾಪಾರಿಗಳು ಮಾರುವ ಹಳೇ ಕರೆಂಟ್ ಕಾರಿನ ತೆರಿಗೆಯನ್ನ 12ರಿಂದ 18ಕ್ಕೆ ಏರಿಸಿದ್ದು ಅಲ್ಲೇ. ಪೂರ್ತಿ ಬೆಲೆಗಲ್ಲ, ಲಾಭಕ್ಕೆ ಮಾತ್ರ, ನೀವು ನೀವೇ ಮಾರಿಕೊಂಡರೆ ಏನೂ ಇಲ್ಲ ಅಂತ ಸಮಾಧಾನವನ್ನೂ ಹೇಳಿದರು. ಅದೇ ಸಭೆಯಲ್ಲಿ ಪಾಪ್‌ಕಾರ್ನ್ ಪಂಚಾಯ್ತಿಯೂ ನಡೆಯಿತು. ಉಪ್ಪು ಖಾರದ ಬಿಡಿ ಪಾಪ್‌ಕಾರ್ನಿಗೆ 5, ಸಕ್ಕರೆ ಪಾಕ ಹತ್ತಿದ್ದಕ್ಕೆ 18 ಅಂತ ಆಗ ಹೇಳಿದರು. ನನಗೆ ಆಗ ಅರ್ಥವಾಯಿತು. ಹೊಸ ಕಾರು ಉಪ್ಪಿನದು. ನನ್ನ ರೇವಾಕ್ಕೆ ಪಾಕ ಹತ್ತಿದೆ.

ದುಡ್ಡು ಕೊಟ್ಟು ಮುಗಿಯಿತು ಅನ್ನೋ ಹಾಗೂ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಂತ ಒಂದಿದೆ. ಕಂಪನಿ ಮಾಡಿಕೊಟ್ಟ ಗಾಡಿಯನ್ನ ಮನಸ್ಸಿಗೆ ಬಂದ ಹಾಗೆ ಬದಲಾಯಿಸೋ ಹಾಗಿಲ್ಲ. ಬದಲಾಯಿಸಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಬ್ರೇಕು, ಚಾಸಿಗೆ ಕೈ ಹಾಕುವವರಿಗೆ ಇದು ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಹದಿನಾರು ಸೆಲ್ ಹಾಕಿದರೆ ಅದು ಒಂದು ಬದಲಾವಣೆಯೋ, ಹದಿನಾರೋ? ಕೇಳೋಣ ಅಂತ ಒಂದು ಕಚೇರಿಗೆ ಹೋದೆ. ಮೊದಲನೇ ಕೌಂಟರಿನವರು ಎರಡನೆಯದಕ್ಕೆ ಕಳಿಸಿದರು. ಎರಡನೆಯವರು ಊಟಕ್ಕೆ ಹೋಗಿದ್ದರು. ಮೂರನೆಯವರು ಫಾರಂ ನೋಡಿ, 'ಇಂಧನ ಅನ್ನೋ ಕಡೆ ಏನೂ ಬರ್ದಿಲ್ವಲ್ಲ, ಪೆಟ್ರೋಲಾ ಡೀಸೆಲ್ಲಾ?' ಅಂದರು.

ವಾಪಸ್ ಬರುವಾಗ ಸರ್ಕಲ್ಲಿನಲ್ಲಿ ಒಬ್ಬರು ಕೈ ಅಡ್ಡ ಹಿಡಿದರು. ಇದು ಹಸಿರು ನಂಬರ್ ಪ್ಲೇಟಿನ ಕಾಲಕ್ಕೂ ಮುಂಚಿನ ಗಾಡಿ. ಇನ್ನೂ ಬಿಳೀ ಪ್ಲೇಟೇ ಇದೆ.

'ಎಮಿಷನ್ ಸರ್ಟಿಫಿಕೇಟ್?'

'ಇಲ್ಲ ಸಾರ್. ಇದು ಹೊಗೆ ಬಿಡಲ್ಲ.'

ಅವರು ಹಿಂದೆ ಹೋಗಿ ಬಗ್ಗಿ ನೋಡಿದರು. ಇನ್ನೂ ಬಗ್ಗಿದರು. ಮೊಬೈಲ್ ಟಾರ್ಚು ಹಾಕಿದರು. ಎದ್ದಾಗ ಮುಖದಲ್ಲಿ ಕಳ್ಳ ಸಿಕ್ಕ ಖುಷಿ.

'ಸೈಲೆನ್ಸರ್ ತೆಗೆಸಿದ್ದೀರಿ. ಇದು ಆಲ್ಟರೇಷನ್. ಐದು ಸಾವಿರ.'

ದೇಶದಲ್ಲೇ ಮೊದಲು, 2017ರಲ್ಲಿ, ಕರೆಂಟ್ ಗಾಡಿಗೆ ಅಂತಲೇ ನೀತಿ ಮಾಡಿದ ರಾಜ್ಯ ನಮ್ಮದು ಸಾರ್ ಅಂತ ಶುರು ಮಾಡಿದೆ. ಅಷ್ಟರಲ್ಲಿ ಸೈಲೆನ್ಸರ್ ಕೊರೆಸಿದ ಒಂದು ಬೈಕು ಢಂ ಢಂ ಅಂತ ಪಟಾಕಿ ಹೊಡೆಯುತ್ತಾ ನಮ್ಮ ಪಕ್ಕದಲ್ಲೇ ಹಾದು ಹೋಯಿತು. ನನ್ನ ಮಾತು ನನಗೇ ಕೇಳಿಸಲಿಲ್ಲ. ಅವರು ಎರಡೂ ಕಿವಿ ಮುಚ್ಚಿಕೊಂಡು, ಬೈಕು ತಿರುವಿನಲ್ಲಿ ಮರೆಯಾಗುವವರೆಗೆ ತಾಳ್ಮೆಯಿಂದ ಕಾದರು. ಆಮೇಲೆ ಕೈ ಇಳಿಸಿ ನನ್ನ ಕಡೆ ತಿರುಗಿದರು.

'ಹಾಂ, ಹೇಳಿ. ಸೈಲೆನ್ಸರ್ ಎಲ್ಲಿ ಬಿಚ್ಚಿಟ್ರಿ?'