ಕುರ್ಚಿಯ ಮೇಲಿನ ಟವೆಲ್ಲು

ನಮ್ಮ ಕಡೆಯ ಸರ್ಕಾರಿ ಕಚೇರಿಗೆ ಹೋದರೆ ಸಾಹೇಬರು ಯಾರು ಅಂತ ಕೇಳಬೇಕಾಗಿಯೇ ಇಲ್ಲ. ಯಾವ ಕುರ್ಚಿಯ ಬೆನ್ನಿಗೆ ಬಿಳಿ ಟರ್ಕಿ ಟವೆಲ್ಲು ಹೊದಿಸಿದೆಯೋ ಅದರಲ್ಲಿ ಕೂತವರೇ ಸಾಹೇಬರು. ಫ್ಯಾನು ಕೂಡ ಸರಿಯಾಗಿ ಅವರ ನೆತ್ತಿಯ ಮೇಲೇ ತಿರುಗುತ್ತಿರುತ್ತದೆ. ಅವರು ರಜೆ ಹಾಕಿದ ದಿನವೂ ಟವೆಲ್ಲು ಡ್ಯೂಟಿಯಲ್ಲಿರುತ್ತದೆ.

ಇನ್ನು ಆ ಕೌಂಟರಿನ ಕಿಂಡಿ. ಸೊಂಟ ಬಗ್ಗಿಸದೆ ಅದರಲ್ಲಿ ಮಾತಾಡಿದವರನ್ನು ನಾನು ನೋಡಿಲ್ಲ. ಕಟ್ಟಿದವರು ಅಳತೆ ತೆಗೆದಿದ್ದು ಒಳಗೆ ಕೂತವರ ಮುಖಕ್ಕೆ, ಹೊರಗೆ ನಿಂತವರ ಬೆನ್ನಿನ ಬಗ್ಗೆ ಯಾರೂ ಯೋಚಿಸಿದಂತಿಲ್ಲ. 1956ರಲ್ಲಿ ಕಟ್ಟಿ ಮುಗಿಸಿದ ವಿಧಾನಸೌಧದ ಮುಂದೆಯೇ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಕೆತ್ತಿದ್ದಾರಲ್ಲ, ದೇವರ ಕೆಲಸ ಅಂದಮೇಲೆ ದರ್ಶನ ಕಿಂಡಿಯಲ್ಲೇ ತಾನೆ? ಉಡುಪಿಯಲ್ಲಿ ಕನಕನಿಗೆ ಕೃಷ್ಣ ತಿರುಗಿ ನಿಂತನಂತೆ. ಇಲ್ಲಿ ಒಳಗಿರುವವರು ಕತ್ತು ಎತ್ತಿದರೂ ಸಾಕು ಅನ್ನಿಸುತ್ತದೆ.

ಈಗ ನಾನು ಕೂರುವುದು ಎಚ್‌ಎಸ್‌ಆರ್ ಲೇಔಟಿನ ಒಂದು ಕೋವರ್ಕಿಂಗ್ ಜಾಗದಲ್ಲಿ, ಅಂದರೆ ಬೇರೆ ಬೇರೆ ಕೆಲಸದವರು ಬಾಡಿಗೆ ಕೊಟ್ಟು ಒಟ್ಟಿಗೆ ಕೂರುವ ಕಚೇರಿಯಲ್ಲಿ. ಟವೆಲ್ಲು ಇಲ್ಲ, ಕಿಂಡಿ ಇಲ್ಲ. ಗೋಡೆಗಳೂ ಇಲ್ಲ, ಇರುವ ಒಂದು ಗೋಡೆಯ ಮೇಲೆ ‘ನಾವೆಲ್ಲ ಒಂದೇ ಕುಟುಂಬ’ ಅನ್ನುವ ಅರ್ಥದ ಇಂಗ್ಲಿಷ್ ಸಾಲು, ಹಿಂದೆ ಗುಲಾಬಿ ಲೈಟು. ಎಲ್ಲರಿಗೂ ಒಂದೇ ಥರದ ಕುರ್ಚಿ. ಮೊದಲ ದಿನ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಎರಡನೇ ದಿನ ಹತ್ತು ಗಂಟೆಗೆ ಹೋದರೆ ಪ್ಲಗ್ ಪಾಯಿಂಟ್ ಇದ್ದ ಕುರ್ಚಿಗಳಲ್ಲಿ ಒಂದೂ ಖಾಲಿಯಿಲ್ಲ. ಜನ ಇರಲಿಲ್ಲ, ಒಂದರ ಮೇಲೆ ಜಾಕೆಟ್ಟು, ಇನ್ನೊಂದರ ಮೇಲೆ ನೀರಿನ ಬಾಟಲಿ, ಮತ್ತೊಂದರ ಮೇಲೆ ಸುಮ್ನೆ ಒಂದು ಇಯರ್‌ಫೋನು! ಹಬ್ಬಕ್ಕೆ ಊರಿಗೆ ಹೊರಟಾಗ ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುತ್ತಿದ್ದೆವಲ್ಲ, ಅದೇ ವಿದ್ಯೆ. ಕಿಟಕಿ ಪಕ್ಕದ ಗಾಜಿನ ಕ್ಯಾಬಿನ್ನುಗಳಿಗೆ ಮಾತ್ರ ಈ ತಾಪತ್ರಯ ಇಲ್ಲ. ಅವಕ್ಕೆ ಬಾಡಿಗೆ ಜಾಸ್ತಿ. ಬಿಸಿಲು ಬರುವುದೂ ಅಲ್ಲಿಗೇ.

ಈ ಕೋವರ್ಕಿಂಗ್ ಅನ್ನುವುದನ್ನು ಶುರು ಮಾಡಿದ್ದು ಬ್ರಾಡ್ ನ್ಯೂಬರ್ಗ್ ಅನ್ನುವ ಒಬ್ಬ ಪ್ರೋಗ್ರಾಮರ್, 2005ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಬೇರೆಯವರ ಜಾಗದಲ್ಲಿ ವಾರಕ್ಕೆ ಎರಡು ದಿನ ಮಡಚುವ ಮೇಜುಗಳನ್ನು ಹಾಕಿ ಕಾಯುತ್ತಿದ್ದ. ಮೊದಲ ತಿಂಗಳು ಒಬ್ಬರೂ ಬರಲಿಲ್ಲ. ಒಬ್ಬೊಬ್ಬರೇ ಕೆಲಸ ಮಾಡಿ ಬೇಜಾರಾದವರು ಒಟ್ಟಿಗೆ ಕೂರಲಿ, ಒಟ್ಟಿಗೆ ಊಟ ಮಾಡಲಿ ಅನ್ನುವುದು ಅವನ ಆಸೆ. ಆ ಮಡಚುವ ಮೇಜಿನಿಂದ ನಮ್ಮ ಗುಲಾಬಿ ಲೈಟಿಗೆ ಬರುವಷ್ಟರಲ್ಲಿ ಊಟ ಎಲ್ಲೋ ಬಿದ್ದುಹೋಗಿದೆ. ಮೇಜು ಉದ್ದವೇ ಇದೆ, ಆದರೆ ಎದುರಿಗೆ ಕೂತವರ ಹೆಸರು ನನಗೆ ಗೊತ್ತಿಲ್ಲ, ಕೇಳೋಣ ಅಂದರೆ ಅವರ ಕಿವಿಯಲ್ಲಿ ಹೆಡ್‌ಫೋನು. ಈಗ ಹೆಡ್‌ಫೋನು ಹಾಕಿಕೊಂಡರೆ ಬಾಗಿಲು ಹಾಕಿಕೊಂಡ ಹಾಗೆ, ತಟ್ಟುವಂತಿಲ್ಲ. ಇದು ನನ್ನೊಬ್ಬನ ದೂರಲ್ಲ. ಎರಡು ಕಂಪನಿಗಳು ಗೋಡೆ ಒಡೆದು ಎಲ್ಲ ಬಯಲು ಮಾಡಿದ ಮೇಲೆ ಅಲ್ಲಿನ ಜನ ಮುಖ ಕೊಟ್ಟು ಮಾತಾಡುವುದು ಸುಮಾರು 70 ಶೇಕಡ ಕಡಿಮೆಯಾಯಿತು ಅಂತ ಹಾರ್ವರ್ಡಿನ ಇಬ್ಬರು 2018ರಲ್ಲಿ ಬರೆದರು. ಮಾತಿನ ಬದಲು ಮೇಲ್ ಹೆಚ್ಚಾಯಿತಂತೆ.

ಹಾಗಾಗಿ ನಮ್ಮಲ್ಲಿ ಮೂರು ಫೋನ್ ಬೂತು ತಂದಿಟ್ಟಿದ್ದಾರೆ. ಒಬ್ಬರು ನಿಲ್ಲುವಷ್ಟು ಡಬ್ಬ. ಇದ್ದ ಗೋಡೆ ಒಡೆದು ಈಗ ಅರ್ಧ ಗಂಟೆಯ ಲೆಕ್ಕದಲ್ಲಿ ಗೋಡೆ ಬುಕ್ ಮಾಡಿಸಿಕೊಳ್ಳುತ್ತಿದ್ದೇವೆ. ಹೆಂಡತಿ ಗ್ಯಾಸ್ ಬುಕ್ ಮಾಡಿದ್ರಾ ಅಂತ ಕೇಳಲು ಫೋನ್ ಮಾಡಿದರೂ ನಾನು ಆ ಡಬ್ಬದೊಳಗೆ ಓಡುತ್ತೇನೆ.

ಎಷ್ಟು ಕುರ್ಚಿ ಇದ್ದರೂ ಹೌಸ್‌ಕೀಪಿಂಗ್ ಅಕ್ಕನಿಗೆ ಅಂತ ಒಂದಿಲ್ಲ ಅನ್ನುವುದು ನನ್ನ ಕಣ್ಣಿಗೆ ಬೀಳಲು ತಿಂಗಳುಗಳೇ ಬೇಕಾದವು. ಬೀನ್ ಬ್ಯಾಗು ಆರು ಇವೆ. ಅದರ ಮೇಲೆ ಅವರು ಕೂತದ್ದನ್ನು ನಾನು ಕಂಡಿಲ್ಲ. ಬೇಡ ಅಂತ ಯಾರೂ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ಕೇರಳದಲ್ಲಿ ಜವಳಿ ಅಂಗಡಿಯ ಹೆಂಗಸರು ದಿನವಿಡೀ ನಿಂತು ನಿಂತು ಸಾಕಾಗಿ ಹೋರಾಟ ಮಾಡಿದರು, ಕೂರುವ ಹಕ್ಕು 2018ರಲ್ಲಿ ಕಾನೂನಾಯಿತು. ತಮಿಳುನಾಡು 2021ರಲ್ಲಿ ಮಾಡಿತು. ಕೂರುವುದಕ್ಕೂ ಕಾನೂನು ಬೇಕಾಯಿತು ನೋಡಿ.

ಮೊನ್ನೆ ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತುತ್ತಾ ಹೋದರೆ ಮೂರನೇ ಮಹಡಿಯ ತಿರುವಿನಲ್ಲಿ ಅಕ್ಕ ಹಳೇ ಟವೆಲ್ಲೊಂದನ್ನು ಹಾಸಿಕೊಂಡು ಡಬ್ಬಿ ಬಿಚ್ಚಿದ್ದರು. ಸೊಪ್ಪಿನ ಸಾರಿನ ಘಮ. ನಾನು ಏದುಸಿರು ಬಿಡುವುದನ್ನು ನೋಡಿ ಪಕ್ಕಕ್ಕೆ ಸರಿದರು. “ಇಲ್ಲಿ ಗಾಳಿ ಚೆನ್ನಾಗ್ ಬರ್ತದೆ, ಕೂತ್ಕೊಳ್ಳಿ ಸಾರ್. ಊಟ ಆಯ್ತಾ?”

ಆ ಕಟ್ಟಡಕ್ಕೆ ನಾನು ಬಂದು ಎಂಟು ತಿಂಗಳಾಗಿತ್ತು. ಊಟ ಆಯ್ತಾ ಅಂತ ಒಬ್ಬರು ಕೇಳಿದ್ದು ಅದೇ ಮೊದಲು.